ಮಂಚದ ಕಾಲಡಿಗೆ ಚಿರೆಕಲ್ಲು: ತೂಕರಹಿತ ಸ್ಥಿತಿಯಲ್ಲಿ ಹೃದಯದ ನಡೆಯನ್ನು ಅಳೆಯುವ ಬಗೆ

ಬಾಹ್ಯಾಕಾಶದಲ್ಲಿ ಹೃದಯ ಮತ್ತು ರಕ್ತಪರಿಚಲನೆಗೆ ಏನಾಗುತ್ತದೆ ಎಂಬುದನ್ನು ನೆಲದ ಮೇಲೆಯೇ ಅಭ್ಯಾಸ ಮಾಡಲು ವಿಜ್ಞಾನಿಗಳು ಬಹಳವಾಗಿ ನೆಚ್ಚಿಕೊಂಡಿರುವುದು ಒಂದು ಮಂಚವನ್ನು. ತಲೆಯ ಭಾಗ 6 ಡಿಗ್ರಿ ತಗ್ಗಿರುವಂತೆ ಅದನ್ನು ಓರೆ ಮಾಡಿ ಮಲಗಿಸಿದರೆ ಕಾಲಿನ ರಕ್ತ ಎದೆ ಮತ್ತು ತಲೆಯ ಕಡೆಗೆ ಸರಿಯುತ್ತದೆ. ಕಕ್ಷೆಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. 1970ರ ದಶಕದಲ್ಲಿ ಸೋವಿಯತ್ ಸಂಶೋಧಕರು ರೂಢಿಗೆ ತಂದ ಈ ಕ್ರಮವನ್ನು ಜರ್ಮನಿಯ ಕಲೋನ್ ನಗರದ ಬಾಹ್ಯಾಕಾಶ ವೈದ್ಯಕೀಯ ಕೇಂದ್ರದಲ್ಲಿ ಇಂದಿಗೂ ಅನುಸರಿಸುತ್ತಾರೆ. ಅಲ್ಲಿ ಸ್ವಯಂಸೇವಕರು 60 ದಿನಗಳ ಕಾಲ ಊಟ, ಸ್ನಾನ, ಶೌಚ ಎಲ್ಲವನ್ನೂ ಮಲಗಿದಲ್ಲಿಯೇ ಮಾಡಬೇಕಾಗುತ್ತದೆ. ಇದರ ಮೊದಲ ಒಂದು ಗಂಟೆಯನ್ನು ಕಾರವಾರ, ಕುಮಟಾ ಅಥವಾ ಶಿರಸಿಯ ಯಾವುದೇ ಪದವಿ ಕಾಲೇಜಿನಲ್ಲಿ ಸುರಕ್ಷಿತವಾಗಿ ಮಾಡಿ ನೋಡಬಹುದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಗಟ್ಟಿಯಾದ ಮರದ ಮಂಚ, ಕಾಲಡಿಗೆ ಇಡಲು ಚಿರೆಕಲ್ಲು, ದರ್ಜಿಯ ಟೇಪು, ಸೆಕೆಂಡಿನ ಮುಳ್ಳಿರುವ ಗಡಿಯಾರ, ತೋಳಿಗೆ ಕಟ್ಟುವ ರಕ್ತದೊತ್ತಡ ಮಾಪಕ. ಮಂಚದ ಮುಂದಿನ ಮತ್ತು ಹಿಂದಿನ ಕಾಲುಗಳ ನಡುವಿನ ಅಂತರ 2 ಮೀಟರ್ ಇದ್ದರೆ ಕಾಲ ಬದಿಯನ್ನು 21 ಸೆಂಟಿಮೀಟರ್ ಎತ್ತರಿಸಿದಾಗ 6 ಡಿಗ್ರಿ ಓರೆ ಸಿಗುತ್ತದೆ. ಕಲ್ಲು ಅಲುಗಾಡದಂತೆ ಕೂರಿಸಿ, ಮೊದಲು ಕೈಯಿಂದ ಒತ್ತಿ ಪರೀಕ್ಷಿಸಿರಿ. ದಿಂಬು ಬೇಡ.

ಪಾಲ್ಗೊಳ್ಳುವವರು ಆರೋಗ್ಯವಂತ ವಯಸ್ಕರಾಗಿದ್ದು, ಸ್ವಇಚ್ಛೆಯಿಂದ ಒಪ್ಪಿರಬೇಕು. ಹೃದ್ರೋಗ, ಅಧಿಕ ರಕ್ತದೊತ್ತಡ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ), ಎದೆಯುರಿ, ಆಗಾಗ ತಲೆಸುತ್ತುವ ತೊಂದರೆ ಇರುವವರನ್ನೂ ಗರ್ಭಿಣಿಯರನ್ನೂ ಸೇರಿಸಲೇಬಾರದು. ಈ ವಿಷಯದಲ್ಲಿ ಯಾರ ಉತ್ಸಾಹಕ್ಕೂ ಮಣಿಯಬೇಡಿರಿ. ಊಟವಾಗಿ ಎರಡು ಗಂಟೆ ಕಳೆದಿರಲಿ. ಆಸರಿಗೆಂದು ಕುಡಿಯುವ ಚಹಾ, ಕಾಫಿ ಮತ್ತು ತಂಬಾಕು ಹಾಕಿದ ಕವಳ ನಾಡಿಬಡಿತವನ್ನು ಏರಿಸುವುದರಿಂದ ಅವನ್ನು ಅಂದು ಬೆಳಗಿನಿಂದಲೇ ಬಿಡುವುದು ಒಳ್ಳೆಯದು. ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರಿ ದೇಹದ ನೀರು ಕಡಿಮೆಯಾಗಿರುತ್ತದೆ, ಚರ್ಮದ ರಕ್ತನಾಳಗಳೂ ಹಿಗ್ಗಿರುತ್ತವೆ. ಆದ್ದರಿಂದ ಮುಂಜಾನೆಯ ಹೊತ್ತನ್ನು ಆರಿಸಿಕೊಳ್ಳಿರಿ. ಕಾರವಾರದ ಅಳತೆಯನ್ನು ಘಟ್ಟದ ಮೇಲಿನ ಶಿರಸಿಯ ಅಳತೆಯೊಂದಿಗೆ ಹೋಲಿಸುವುದಾದರೆ ಕೋಣೆಯ ಉಷ್ಣಾಂಶವನ್ನೂ ಬರೆದಿಡಿರಿ.

ಮೊದಲು ಸಮತಟ್ಟಾಗಿ 10 ನಿಮಿಷ ಮಲಗಿಸಿ, ನಾಡಿಯನ್ನು ಪೂರ್ತಿ 60 ಸೆಕೆಂಡು ಎಣಿಸಿ, ರಕ್ತದೊತ್ತಡ ನೋಡಿರಿ. ಬಳಿಕ ನಿಲ್ಲಿಸಿ, ಒಂದನೆಯ ಮತ್ತು ಮೂರನೆಯ ನಿಮಿಷದಲ್ಲಿ ಮತ್ತೆ ಅಳೆಯಿರಿ. ನಿಂತಾಗ ತೋಳನ್ನು ಜೋತುಬಿಡಬಾರದು, ಹೃದಯದ ಮಟ್ಟಕ್ಕೆ ಆನಿಸಿ ಹಿಡಿಯಬೇಕು. ಪಟ್ಟಿ 10 ಸೆಂಟಿಮೀಟರ್ ಕೆಳಗಿದ್ದರೂ ಸುಮಾರು 8 ಮಿಲಿಮೀಟರ್ ಪಾದರಸದಷ್ಟು ಹೆಚ್ಚಿನ ಒತ್ತಡ ತೋರುತ್ತದೆ. ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆಗೂ ಕಾಲುಗಳಿಗೂ ಇಳಿಯುತ್ತದೆ. ಕುತ್ತಿಗೆಯ ಮತ್ತು ಮಹಾಪಧಮನಿಯ ಒತ್ತಡಗ್ರಾಹಕಗಳು ಅದನ್ನು ಕೂಡಲೇ ಗುರುತಿಸಿ ಹೃದಯವನ್ನು ಚುರುಕುಗೊಳಿಸುವುದರಿಂದ ನಾಡಿ ನಿಮಿಷಕ್ಕೆ 10ರಿಂದ 20ರಷ್ಟು ಏರುವುದು ಸಹಜ. ಮೇಲಿನ ಒತ್ತಡ 20 ಅಥವಾ ಕೆಳಗಿನದು 10 ಇಳಿದರೆ ಅವರನ್ನು ಮುಂದುವರಿಸದೆ ವೈದ್ಯರಿಗೆ ತೋರಿಸಲು ಹೇಳಿರಿ.

ಇನ್ನು ಮೀನಖಂಡದ ದಪ್ಪನೆಯ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಸುತ್ತಳತೆ ತೆಗೆದು, ಓರೆ ಮಂಚದ ಮೇಲೆ ಒಂದು ಗಂಟೆ ಮಲಗಿಸಿರಿ. ಪ್ರತಿ 15 ನಿಮಿಷಕ್ಕೊಮ್ಮೆ ಅಳೆಯುತ್ತ ಮುಖವನ್ನೂ ಗಮನಿಸಿರಿ: ಕುತ್ತಿಗೆಯ ಅಭಿಧಮನಿ ಉಬ್ಬಿ ಕಾಣುತ್ತದೆ, ಕೆನ್ನೆ ತುಸು ಕೆಂಪಾಗುತ್ತದೆ, ಮೂಗು ಕಟ್ಟಿದಂತಾಗುತ್ತದೆ, ಮೀನಖಂಡದ ಸುತ್ತಳತೆ ಕೆಲವು ಮಿಲಿಮೀಟರ್ ಇಳಿಯಬಹುದು. ತಲೆನೋವು ಬಂದರೆ ಅಲ್ಲಿಗೇ ನಿಲ್ಲಿಸಿರಿ.

ಅತ್ತ ಎದೆಯೊಳಗೆ, ತುಂಬಿಬಂದ ರಕ್ತ ಹೃದಯದ ಮೇಲಿನ ಕೋಣೆಯಾದ ಹೃತ್ಕರ್ಣದ ಗೋಡೆಯನ್ನು ಹಿಗ್ಗಿಸುತ್ತದೆ. ದೇಹ ಇದನ್ನು ರಕ್ತ ಹೆಚ್ಚಾಗಿರುವ ಸೂಚನೆಯೆಂದೇ ತೆಗೆದುಕೊಂಡು, ಮೂತ್ರಪಿಂಡಗಳ ಮೂಲಕ ಉಪ್ಪು, ನೀರನ್ನು ಹೊರಹಾಕಲು ತೊಡಗುತ್ತದೆ. ಹೊಳೆಯಲ್ಲಿ ಕುತ್ತಿಗೆಮಟ್ಟ ನಿಂತಾಗ ಬೇಗನೆ ಮೂತ್ರಕ್ಕೆ ಅವಸರವಾಗುವುದಕ್ಕೆ ನೀರಿನ ತಂಪಿನ ಜೊತೆಗೆ ಈ ಕಾರಣವೂ ಇದೆ. ದಿನಗಳು ಕಳೆದಂತೆ ರಕ್ತದ ದ್ರವಭಾಗವಾದ ಪ್ಲಾಸ್ಮಾದ ಪ್ರಮಾಣ ಶೇ. 10ರಿಂದ 15ರಷ್ಟು ಕುಗ್ಗುತ್ತದೆ. ವಾರಗಳು ಕಳೆದರೆ ದೇಹಕ್ಕೆಲ್ಲ ರಕ್ತ ತಳ್ಳುವ, ಈಗ ಕೆಲಸ ಕಡಿಮೆಯಾದ ಎಡ ಹೃತ್ಕುಕ್ಷಿಯ ಸ್ನಾಯುವೇ ಸೊರಗುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಇರಿಸಿದಾಗ ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಕಾಲುಭಾಗಕ್ಕೂ ಹೆಚ್ಚು ಇಳಿಯಿತು. ಅದೇ ಐವರನ್ನು 30 ವರ್ಷಗಳ ನಂತರ ಪರೀಕ್ಷಿಸಿದಾಗ, ಮೂರು ದಶಕಗಳ ವಯಸ್ಸು ಮಾಡಿದ್ದಕ್ಕಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಯೇ ದೊಡ್ಡದೆಂದು ಕಂಡುಬಂತು. ಈ ಒಂದು ಫಲಿತಾಂಶವನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಬೇಕೆಂದು ನನ್ನ ಆಗ್ರಹ.

ಒಂದು ಗಂಟೆ ಮುಗಿದ ಮೇಲಿನ ಘಟ್ಟವೇ ಮುಖ್ಯವಾದದ್ದು, ಎಚ್ಚರಿಕೆ ಬೇಕಾದದ್ದೂ ಅಲ್ಲಿಯೇ. ಎರಡು ನಿಮಿಷ ಕೂರಿಸಿ, ಪಕ್ಕದಲ್ಲಿ ಒಬ್ಬರು ನಿಂತಿರುವಂತೆ ನೋಡಿಕೊಂಡು ಎಬ್ಬಿಸಿರಿ. ಹಿಂದಿನಂತೆಯೇ ಒಂದನೆಯ, ಮೂರನೆಯ ನಿಮಿಷದ ಅಳತೆ ತೆಗೆಯಿರಿ. ಕಣ್ಣು ಕತ್ತಲಿಟ್ಟರೆ ತಕ್ಷಣ ಮಲಗಿಸಿ ಕಾಲು ಎತ್ತಿ ಹಿಡಿಯಿರಿ. ಕೆಲವರಲ್ಲಿ ನಾಡಿಯ ಏರಿಕೆ ಮೊದಲಿಗಿಂತ ಹೆಚ್ಚಿರಬಹುದು, ಕೆಲವರಲ್ಲಿ ವ್ಯತ್ಯಾಸವೇ ಕಾಣದಿರಬಹುದು. ಎರಡನ್ನೂ ಇದ್ದಂತೆಯೇ ಬರೆಯಿರಿ.

ಮಂಚವು ಬಾಹ್ಯಾಕಾಶವನ್ನು ಪೂರ್ತಿಯಾಗಿ ಅನುಕರಿಸುವುದಿಲ್ಲ. ಓರೆಯಾಗಿ ಮಲಗಿದಾಗ ಎದೆಯ ದೊಡ್ಡ ಅಭಿಧಮನಿಗಳಲ್ಲಿ ಒತ್ತಡ ಮೊದಲಿಗೆ ಏರುತ್ತದೆ. ಆದರೆ 1990ರ ದಶಕದಲ್ಲಿ ಸ್ಪೇಸ್ ಶಟಲ್ ಯಾತ್ರಿಗಳಲ್ಲಿ ನಳಿಕೆ ಇಟ್ಟು ಅಳೆದಾಗ ಹೃದಯ ಹಿಗ್ಗಿದ್ದರೂ ಒತ್ತಡ ಇಳಿದಿತ್ತು. ಮಂಚದ ಮೇಲೆ ಗುರುತ್ವ ಎದೆಗೂಡನ್ನು ಬೆನ್ನಿನ ಕಡೆಗೆ ಒತ್ತುತ್ತಲೇ ಇರುತ್ತದೆ; ಕಕ್ಷೆಯಲ್ಲಿ ಆ ಭಾರವಿಲ್ಲದೆ ಎದೆಗೂಡು ಅರಳಿ, ಹೃದಯದ ಸುತ್ತಲಿನ ಒತ್ತಡವೇ ತಗ್ಗುತ್ತದೆ.

ಭೂಮಿಗೆ ಇಳಿಯುವ ಮುನ್ನ ಯಾತ್ರಿಗಳು ಉಪ್ಪು ಮತ್ತು ನೀರನ್ನು ಸೇವಿಸಿ ಪ್ಲಾಸ್ಮಾದ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಇದನ್ನು ನೋಡಬಯಸುವವರು ಬೇರೊಂದು ದಿನ ಇದೇ ಪ್ರಯೋಗವನ್ನು ಅದೇ ವ್ಯಕ್ತಿಯ ಮೇಲೆ ಮಾಡಿ, ಎಬ್ಬಿಸುವ ಕಾಲು ಗಂಟೆ ಮೊದಲು ಅವರನ್ನು ಕೂರಿಸಿ ಅರ್ಧ ಲೀಟರ್ ನೀರು ಕುಡಿಸಿ, ಮತ್ತೆ ಮಲಗಿಸಿರಿ. ಬಳಿಕ ನಿಂತಾಗಿನ ನಾಡಿಯ ಏರಿಕೆಯನ್ನು ಹಿಂದಿನ ದಿನದ್ದರ ಪಕ್ಕದಲ್ಲಿಯೇ ಬರೆದು ಹೋಲಿಸಬಹುದು.