ಹೆದೆಗೆ ನಾಕಿಂಗ್ ಪಾಯಿಂಟ್ ಕಟ್ಟುವ ಕ್ರಮ

ನಾಕಿಂಗ್ ಪಾಯಿಂಟ್ ಎಂದರೆ ಬಾಣವನ್ನು ಹೆದೆಗೆ ಸಿಕ್ಕಿಸುವ ಜಾಗದ ಗುರುತು. ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲಿನಲ್ಲಿ ಮೊದಲು ಬ್ರೇಸ್ ಹೈಟ್, ಅಂದರೆ ಹಿಡಿಕೆಗೂ ಹೆದೆಗೂ ನಡುವಿನ ದೂರ, ಸರಿಮಾಡಿ. ಅದು ಬದಲಾದರೆ ಇಲ್ಲಿನ ಅಳತೆಯೆಲ್ಲ ಕೆಡುತ್ತದೆ. ಹೊಸ ಹೆದೆ ಸ್ವಲ್ಪ ಹಿಗ್ಗುತ್ತದೆ. ನೂರು ಬಾಣವಾದರೂ ಬಿಟ್ಟ ಮೇಲೆ ಅಳೆಯಿರಿ.

ಟಿ-ಸ್ಕ್ವೇರನ್ನು (ಟಿ ಆಕಾರದ ಅಳತೆಪಟ್ಟಿ) ಹೆದೆಗೆ ಸಿಕ್ಕಿಸಿ, ಅದರ ತೋಳನ್ನು ಆರೋ ರೆಸ್ಟ್ (ಬಾಣ ಕೂರುವ ಆಸರೆ) ಮೇಲಿಡಿ. ನಾಕಿನ (ಹೆದೆಗೆ ಸಿಕ್ಕುವ, ಸೀಳಿರುವ ಬಾಣದ ಹಿಂತುದಿ) ತಳ ಪಟ್ಟಿಯ ಸೊನ್ನೆ ಗೆರೆಗಿಂತ 6ರಿಂದ 10 ಮಿ.ಮೀ. ಮೇಲಿರಲಿ. ಹಿತ್ತಾಳೆ ಉಂಗುರಕ್ಕಿಂತ ದಾರದ ಗಂಟೇ ವಾಸಿ: ಹಗುರ, ಬೆರಳು ಕಾಯುವ ಟ್ಯಾಬನ್ನೂ ತರಚುವುದಿಲ್ಲ. ಸರ್ವಿಂಗ್ (ಹೆದೆ ಸವೆಯದಂತೆ ಅದರ ಮೇಲಿನ ಸುತ್ತು) ದಾರದಲ್ಲಿ ಮುಂದೊಂದು, ಹಿಂದೊಂದು ಎಂದು ಐದಾರು ಗಂಟು ಹಾಕಿ. ನಾಕಿನ ಕೆಳಗೂ ಮೇಲೂ ಹೀಗೆ ಕಟ್ಟಿ, ನಡುವೆ ಅರ್ಧ ಮಿ.ಮೀ. ಸಡಿಲ ಬಿಡಿ. ಪೂರ್ತಿ ಎಳೆದಾಗ ಹೆದೆ ಕೋನವಾಗಿ ಬಾಗುವುದರಿಂದ ಬಿಗಿ ಗಂಟುಗಳು ನಾಕನ್ನು ಹಿಂಡುತ್ತವೆ, ಬಾಣ ರೆಸ್ಟಿನಿಂದ ಏಳುತ್ತದೆ.

ಅಂಟು ಈಗಲೇ ಬೇಡ. 18 ಮೀಟರಿನಿಂದ ಗರಿಯಿರುವ ಮೂರು, ಗರಿಯಿಲ್ಲದ ಎರಡು ಬಾಣ ಬಿಡಿ. ಗರಿಯಿಲ್ಲದವು ಗರಿಯಿರುವವಕ್ಕಿಂತ ಕೆಳಗೆ ನೆಟ್ಟರೆ ಗಂಟುಗಳನ್ನು 1 ಮಿ.ಮೀ. ಇಳಿಸಿ, ಮೇಲೆ ನೆಟ್ಟರೆ ಏರಿಸಿ. ಎರಡೂ ಒಂದೇ ಎತ್ತರಕ್ಕೆ ಬಂದಾಗ ಒಂದು ಹನಿ ಸೂಪರ್ ಗ್ಲೂ ಸಾಕು.

ಆಗುಂಬೆ, ತೀರ್ಥಹಳ್ಳಿಯ ಮಳೆಗಾಲದಲ್ಲಿ ಎಲ್ಲ ಬಾಣಗಳೂ ಕೆಳಗೇ ಬಿದ್ದರೆ ಗಂಟನ್ನು ಮುಟ್ಟಬೇಡಿ. ಎಳೆಗಳ ನಡುವೆ ನೀರು ನಿಂತು ಹೆದೆ ಭಾರವಾಗಿರುತ್ತದೆ. ಒಣಗಿಸಿ, ಸರ್ವಿಂಗ್ ಬಿಟ್ಟು ಉಳಿದ ಭಾಗಕ್ಕೆ ಮೇಣ ತಿಕ್ಕಿ.