ಮೀಡಿಯಾ ಕನ್ವರ್ಟರ್ ಬದಲಿಸುವ ಮುನ್ನ ಲಿಂಕ್ ಪರೀಕ್ಷಿಸುವುದು ಹೇಗೆ?

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಕಚೇರಿಯಿಂದ ಗೇಟಿನ ಕ್ಯಾಮೆರಾಗಳಿಗೆ 100 ಮೀಟರ್‌ಗಿಂತ ಹೆಚ್ಚು ದೂರವಿದ್ದರೆ ತಾಮ್ರದ ಕೇಬಲ್ ಸಾಲದೆ, ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ತಾಮ್ರದ ವಿದ್ಯುತ್ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ಮತ್ತೆ ಸಂಕೇತವಾಗಿಯೂ ಬದಲಿಸುವ ಪೆಟ್ಟಿಗೆ, ಕೂರಿಸುತ್ತಾರೆ. ಲಿಂಕ್ ಹೋದ ಕೂಡಲೇ ಕನ್ವರ್ಟರನ್ನೇ ಕಿತ್ತು ಹಾಕುವುದು ರೂಢಿಯಾಗಿದ್ದು, ಹಾಗೆ ಮೂಲೆ ಸೇರಿದವುಗಳಲ್ಲಿ ಹಲವು ಸರಿಯಾಗಿಯೇ ಇರುತ್ತವೆ.

ಮೊದಲು ಪವರ್ ದೀಪವನ್ನು ನೋಡಿ. ಅದು ಮಿಣುಕುತ್ತಿದ್ದರೆ, ಪೆಟ್ಟಿಗೆಯ ಮೇಲೆ ಬರೆದಷ್ಟೇ ವೋಲ್ಟೇಜಿನ ಬೇರೊಂದು ಅಡಾಪ್ಟರ್ ಹಾಕಿ.

ಎರಡನೆಯದಾಗಿ, ಎರಡೂ ತುದಿಯ ಕನ್ವರ್ಟರಿನ ಡಿಪ್ ಸ್ವಿಚ್‌ನಲ್ಲಿ (ಪೆಟ್ಟಿಗೆಯ ಪುಟ್ಟ ಗುಂಡಿಗಳಲ್ಲಿ) ಎಲ್‌ಎಫ್‌ಪಿ (ಲಿಂಕ್ ಫಾಲ್ಟ್ ಪಾಸ್-ಥ್ರೂ) ಸೌಲಭ್ಯವನ್ನು ಆಫ್ ಮಾಡಿ, ಪವರ್ ತೆಗೆದು ಮತ್ತೆ ಕೊಡಿ. ಎಡವುವವರೆಲ್ಲ ಎಡವುವುದು ಇಲ್ಲಿಯೇ. ಒಂದು ಕಡೆಯ ಲಿಂಕ್ ಬಿದ್ದರೆ ಇನ್ನೊಂದು ಕಡೆಯದನ್ನೂ ಬೀಳಿಸಿ, ನೆಟ್‌ವರ್ಕ್ ಸ್ವಿಚ್‌ಗೆ ಸುದ್ದಿ ಮುಟ್ಟಿಸುವುದು ಎಲ್‌ಎಫ್‌ಪಿಯ ಕೆಲಸ. ಆದ್ದರಿಂದ ಅದು ಆನ್ ಇರುವಾಗ ಗೇಟಿನಲ್ಲಿ ಕ್ಯಾಮೆರಾದ ಕೇಬಲ್ ಕಳಚಿದರೆ, ಅಲ್ಲಿನ ಕನ್ವರ್ಟರ್ ಫೈಬರಿಗೆ ಬೆಳಕು ಕಳಿಸುವುದನ್ನೇ ನಿಲ್ಲಿಸುತ್ತದೆ. ಕಚೇರಿಯಲ್ಲಿ ಫೈಬರ್ ಲಿಂಕ್ ತೋರಿಸುವ ಎಫ್‌ಎಕ್ಸ್ ದೀಪ ಆರುತ್ತದೆ, ಬೆಳಕನ್ನು ಅಳೆಯುವ ಪವರ್ ಮೀಟರ್ ಕೂಡ ಏನನ್ನೂ ತೋರಿಸುವುದಿಲ್ಲ, ನೋಡಿದವರು ಫೈಬರ್ ತುಂಡಾಗಿದೆ ಎಂದು ನೆಲ ಅಗೆಸಲು ಹೊರಡುತ್ತಾರೆ. ಮೇಜಿನ ಮೇಲೆ ಫೈಬರ್ ಮಾತ್ರ ಜೋಡಿಸಿ ಪರೀಕ್ಷಿಸುವವರಿಗೂ ಇದೇ ಕಾರಣಕ್ಕೆ ಹೊಸ ಕನ್ವರ್ಟರ್ ಸತ್ತಂತೆ ಕಾಣುತ್ತದೆ. ಎಲ್‌ಎಫ್‌ಪಿ ಆಫ್ ಆದ ಮೇಲೆ ಎರಡೂ ಕಡೆ ಎಫ್‌ಎಕ್ಸ್ ದೀಪ ಉರಿದರೆ ಫೈಬರ್ ಸರಿಯಿದೆ. ತಾಮ್ರದ ಲಿಂಕ್ ತೋರಿಸುವ ಟಿಪಿ ದೀಪ ಎಲ್ಲಿ ಆರಿದೆಯೋ ಅಲ್ಲಿ ತಾಮ್ರದ ಕೇಬಲ್ ಬದಲಿಸಿ ನೋಡಿದರೆ ಸಾಕು. ಈ ಸೌಲಭ್ಯವೇ ಇಲ್ಲದ ಅಗ್ಗದ ಕನ್ವರ್ಟರ್‌ಗಳನ್ನು ಕೊಳ್ಳಲೇಬೇಡಿ, ಫೈಬರ್ ಹೋದರೂ ಅವು ಕಚೇರಿಯ ಸ್ವಿಚ್‌ಗೆ ಎಲ್ಲವೂ ಸುಸೂತ್ರವೆಂದೇ ತೋರಿಸುತ್ತವೆ.

ಎಫ್‌ಎಕ್ಸ್ ದೀಪವೇ ಉರಿಯದಿದ್ದರೆ ಜೋಡಿಯನ್ನು ಗಮನಿಸಿ. ಒಂಟಿ ಎಳೆಯ ಫೈಬರಿನಲ್ಲಿ ಒಂದು ತುದಿ 1310 ನ್ಯಾನೋಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಪಡೆಯುವುದಾದರೆ ಇನ್ನೊಂದು ತುದಿ ತಿರುವುಮುರುವಾಗಿರಬೇಕು. ಇಂಥ ಜೋಡಿಯನ್ನು ‘ಎ’, ‘ಬಿ’ ಎಂದು ಗುರುತಿಸುತ್ತಾರೆ; ಎರಡೂ ‘ಎ’ ಆದರೆ ಲಿಂಕ್ ಬರದು. 100 ಎಂಬಿಪಿಎಸ್‌ನ ಕನ್ವರ್ಟರ್ ಗಿಗಾಬಿಟ್‌ನದರೊಂದಿಗೆ ಫೈಬರಿನಲ್ಲಿ ಹೊಂದುವುದೂ ಇಲ್ಲ. ಓರೆ ತುದಿಯ ಹಸಿರು ಕನೆಕ್ಟರನ್ನು ನೇರ ತುದಿಯ ನೀಲಿಗೆ ಚುಚ್ಚಬೇಡಿ. ತುದಿಯನ್ನು ಫೈಬರ್ ಕ್ಲೀನರ್‌ನಿಂದಲೇ ಒರೆಸಿ, ಅಂಗಿಯ ಚುಂಗಿನಿಂದ ಬೇಡ.

ಬಳಿಕ ಮೀಟರನ್ನು ಎದುರಿನ ಕನ್ವರ್ಟರ್ ಕಳಿಸುವ ತರಂಗಾಂತರಕ್ಕೆ ಹೊಂದಿಸಿ ಅಳೆಯಿರಿ. 1310ರಲ್ಲಿ ಕಿಲೋಮೀಟರಿಗೆ ಸುಮಾರು 0.35 ಡಿಬಿ (ಡೆಸಿಬೆಲ್), ಕನೆಕ್ಟರ್ ಒಂದಕ್ಕೆ ಅರ್ಧ ಡಿಬಿ ನಷ್ಟ ಹಿಡಿಯಿರಿ. ಎರಡು ಕನೆಕ್ಟರ್‌ಗಳಿರುವ 2 ಕಿ.ಮೀ. ಫೈಬರಿಗೆ -6 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಕಳಿಸಿದರೆ -8ರ ಆಸುಪಾಸಿನಲ್ಲಿ ಬರಬೇಕು; -20 ಬಂದರೆ ಎಲ್ಲೋ ಮಡಿಕೆ ಬಿದ್ದಿದೆ ಅಥವಾ ಕೊಳೆ ಕೂತಿದೆ. ಪ್ಯಾಚ್ ಕಾರ್ಡ್ ಮುರಿದ ಜಾಗವನ್ನು ಕೆಂಪು ಲೇಸರ್ ಪೆನ್ನು ತೋರಿಸಿಕೊಡುತ್ತದೆ. ಫೈಬರಿನ ತುದಿಯನ್ನು ಮಾತ್ರ ಎಂದೂ ಕಣ್ಣಿನೆದುರು ಹಿಡಿಯಬೇಡಿ, ಕನ್ವರ್ಟರಿನ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ದುರಸ್ತಿ ಮುಗಿದ ಮೇಲೆ ಎರಡೂ ಕಡೆ ಎಲ್‌ಎಫ್‌ಪಿ ಆನ್ ಮಾಡಿ, ಗೇಟಿನ ತಾಮ್ರದ ಕೇಬಲನ್ನು ಬೇಕೆಂದೇ ಕಳಚಿ. ಕಚೇರಿಯ ಸ್ವಿಚ್‌ನಲ್ಲಿ ಆ ಪೋರ್ಟಿನ ದೀಪ ಆರದಿದ್ದರೆ ಯಾವುದೋ ಒಂದು ಡಿಪ್ ಸ್ವಿಚ್ ಇನ್ನೂ ಆಫ್‌ನಲ್ಲಿದೆ, ಇಲ್ಲವೇ ಎರಡು ಬೇರೆ ಕಂಪನಿಗಳ ಕನ್ವರ್ಟರ್‌ಗಳು ಪರಸ್ಪರ ಹೊಂದುತ್ತಿಲ್ಲ.