ಡಿ-ಲೂಪ್ ಕಟ್ಟಿಕೊಳ್ಳುವುದು: ನನ್ನ ಅನುಭವ

ತುದಿಗಳಲ್ಲಿ ಕ್ಯಾಮ್ ಎಂಬ ರಾಟೆಗಳಿರುವ ಕಾಂಪೌಂಡ್ ಬಿಲ್ಲು ಹಿಡಿದವರು ಕ್ಯಾಮ್, ಗುರಿ ನೋಡುವ ಸೈಟ್, ಅಲುಗಾಟ ತಗ್ಗಿಸುವ ಸ್ಟೆಬಿಲೈಸರ್‌ಗಳ ವಿಚಾರದಲ್ಲಿ ಗಂಟೆಗಟ್ಟಲೆ ಮಾತನಾಡುತ್ತಾರೆ. ಹೆದೆಯ ನಡುವೆ ಕಟ್ಟಿದ ಚಿಕ್ಕ ಕುಣಿಕೆಯ, ಅಂದರೆ ಡಿ-ಲೂಪಿನ, ಮಾತು ಬರುವುದು ಅಪರೂಪ. 60 ಪೌಂಡ್ ಎಳೆತದ ಬಿಲ್ಲಾದರೆ ಆ 60 ಪೌಂಡೂ ಕೈಗೆ ತಲುಪುವುದು ಎರಡು ಮಿಲಿಮೀಟರ್ ದಪ್ಪದ ಈ ಹುರಿಯ ಮೂಲಕವೇ. ಆದ್ದರಿಂದ ಇದನ್ನು ನಾನು ಬೇರೆಯವರ ಕೈಗೆ ಬಿಡುವುದಿಲ್ಲ, ನಾನೇ ಕಟ್ಟಿಕೊಳ್ಳುತ್ತೇನೆ.

ಕುಣಿಕೆ ಕಟ್ಟುವ ಮೊದಲು ನಾನು ರಿಲೀಸನ್ನು (ಹೆದೆಯನ್ನು ಹಿಡಿದೆಳೆದು ಟ್ರಿಗರ್‌ನಿಂದ ಬಿಡುವ ಕೈಸಾಧನ) ಬಾಣದ ನಾಕ್‌ನ (ಹೆದೆಗೆ ಸಿಕ್ಕುವ, ಸೀಳಿರುವ ಹಿಂತುದಿ) ಕೆಳಗೆ ನೇರವಾಗಿ ಹೆದೆಗೇ ಸಿಕ್ಕಿಸುತ್ತಿದ್ದೆ. ಆಗ ಎಳೆತ ಬಾಣದ ಹಿಂದಿನಿಂದ ಬರುವುದಿಲ್ಲ, ಸ್ವಲ್ಪ ಕೆಳಗಿನಿಂದ ಬರುತ್ತದೆ. ರಿಲೀಸಿನ ಲೋಹ ಉಜ್ಜಿ ಉಜ್ಜಿ ಹೆದೆಗೆ ಸುತ್ತಿದ ಸರ್ವಿಂಗ್ ದಾರವೂ ಬೇಗ ಸವೆಯುತ್ತದೆ. ಕುಣಿಕೆ ಬಂದ ಮೇಲೆ ಎಳೆತ ನಾಕ್‌ನ ನೇರ ಹಿಂದಕ್ಕೆ ಬಂತು. ಸವೆತವೆಲ್ಲ ಹುರಿಯ ಪಾಲಾಯಿತು, ಹುರಿಯನ್ನು ಬದಲಿಸುವುದು ಸುಲಭ.

ಹೆಚ್ಚಿನವರು ಗಂಟಿನ ಬಗ್ಗೆಯೇ ಕೇಳುತ್ತಾರೆ. ನನ್ನ ಮಟ್ಟಿಗೆ ಗಂಟಿಗಿಂತ ಕುಣಿಕೆ ಕೂರುವ ಜಾಗ ದೊಡ್ಡದು. ಬರಿಯ ಕುಣಿಕೆಯನ್ನೇ ನಂಬಿದರೆ ಅದು ದಿನಗಳೆದಂತೆ ಹೆದೆಯ ಮೇಲೆ ಜಾರಬಹುದು. ಬಾಣ ಕೂರುವ ಎತ್ತರವೂ ಅದರೊಂದಿಗೆ ಜಾರುತ್ತದೆ, ಗುರಿಯ ಮೇಲೆ ಬಾಣಗಳು ಮೇಲೆ ಕೆಳಗೆ ಚದುರುತ್ತವೆ. ಹಾಗಾಗಿ ನಾನು ಮೊದಲು ಸರ್ವಿಂಗ್ ದಾರದಿಂದ ನಾಕ್‌ನ ಮೇಲೊಂದು ಕೆಳಗೊಂದು ಪುಟ್ಟ ತಡೆ ಕಟ್ಟುತ್ತೇನೆ. ಎತ್ತರ ನೋಡುವುದು ಬೋ ಸ್ಕ್ವೇರ್ ಎಂಬ, ಹೆದೆಗೆ ಸಿಕ್ಕಿಸುವ ಅಳತೆಪಟ್ಟಿಯಿಂದ. ಬಾಣ ರೆಸ್ಟಿನ (ಬಿಲ್ಲಿನಲ್ಲಿ ಬಾಣಕ್ಕಿರುವ ಆಸರೆ) ಮೇಲೆ ಕುಳಿತಾಗ ಹೆದೆಗೆ ಲಂಬವಾಗಿರುವಂತೆ, ಇಲ್ಲವೇ ಹಿಂತುದಿ ಒಂದೆರಡು ಮಿಲಿಮೀಟರ್ ಮೇಲಿರುವಂತೆ ಶುರು ಮಾಡುತ್ತೇನೆ.

ಎರಡು ತಡೆಗಳ ನಡುವೆ ನಾಕ್ ಬಿಗಿಯಾಗಿ ಸಿಕ್ಕಿಕೊಳ್ಳಬಾರದು. ಪೂರ್ತಿ ಎಳೆದಾಗ ಹೆದೆ ನಾಕ್‌ನ ಬಳಿ ಚೂಪಾಗಿ ಮಡಚಿಕೊಂಡು ಮೇಲಿನಿಂದಲೂ ಕೆಳಗಿನಿಂದಲೂ ನಾಕನ್ನು ಒತ್ತುತ್ತದೆ. ಗಿಡ್ಡ ಬಿಲ್ಲುಗಳಲ್ಲಿ ಈ ಕೋನ ಇನ್ನೂ ಚೂಪು. ಬಿಲ್ಲು ಸುಮ್ಮನಿರುವಾಗ ನಾಕ್ ಮೇಲೆ ಕೆಳಗೆ ಕೂದಲೆಳೆಯಷ್ಟು ಆಡುತ್ತಿರಬೇಕು. ಇಲ್ಲವಾದರೆ ಎಳೆಯುವಾಗ ಬಾಣ ರೆಸ್ಟಿನಿಂದ ಏಳುತ್ತದೆ, ಎಷ್ಟು ಚೆನ್ನಾಗಿ ಬಿಟ್ಟರೂ ಪ್ರಯೋಜನವಿಲ್ಲ. ದಾರದ ತಡೆಯ ಇನ್ನೊಂದು ಗುಣ ನನಗೆ ಬಹಳ ಇಷ್ಟ: ಅದನ್ನು ಬೆರಳಲ್ಲಿ ತಿರುಗಿಸಿದರೆ ಸರ್ವಿಂಗ್‌ನ ಸುತ್ತುಗಳ ಮೇಲೆ ಸ್ಕ್ರೂವಿನಂತೆ ಏರುತ್ತದೆ, ಇಳಿಯುತ್ತದೆ. ಕಾಗದದ ಮೂಲಕ ಬಾಣ ಹಾರಿಸಿ ಹರಿದ ಗುರುತು ನೋಡುವಾಗ ಇದು ತುಂಬ ಉಪಕಾರಿ. ಗರಿಗಳು ಮಾಡಿದ ಹರಕು ಮೊನೆಯ ತೂತಿಗಿಂತ ಮೇಲಿದ್ದರೆ, ಬಾಣ ರೆಸ್ಟಿಗೆ ತಾಗುತ್ತಿಲ್ಲವೆಂದು ಖಚಿತ ಮಾಡಿಕೊಂಡು ತಡೆಗಳನ್ನು ತುಸು ಇಳಿಸುತ್ತೇನೆ.

ಇನ್ನು ಹುರಿ. ಪಾಲಿಯೆಸ್ಟರ್‌ನ ಹೆಣೆದ ಲೂಪ್ ಹುರಿಯನ್ನೇ ಬಳಸುತ್ತೇನೆ. ಕೈಗೆ ಸಿಕ್ಕ ಬೇರಾವುದೋ ದಾರ ಇಲ್ಲಿ ಸಲ್ಲದು. ಸುಮಾರು 11 ಸೆಂಟಿಮೀಟರ್ ಕತ್ತರಿಸಿ, ಒಂದು ತುದಿಯ ಎಳೆಗಳನ್ನು ಬಿಡಿಸಿ ಹರಡಿ, ಲೈಟರಿನ ಜ್ವಾಲೆಯ ಪಕ್ಕದಲ್ಲಿ ಕರಗಿಸುತ್ತೇನೆ. ಜ್ವಾಲೆಯೊಳಗೇ ಇಟ್ಟರೆ ತುದಿ ಕರಕಲಾಗಿ ಪೆಡಸಾಗುತ್ತದೆ. ಕರಗಿದ್ದು ಮೆತ್ತಗಿರುವಾಗಲೇ ಲೋಹದ ಚಪ್ಪಟೆ ಮೈಗೆ ಒತ್ತಿದರೆ ಅಣಬೆಯ ತಲೆಯಂಥ ಗುಂಡು ಬರುತ್ತದೆ. ಗಂಟಿನಿಂದ ಹುರಿ ಜಾರಿಹೋಗದಂತೆ ಹಿಡಿಯುವುದು ಈ ಗುಂಡೇ, ಆದ್ದರಿಂದ ಇಲ್ಲಿ ಅವಸರ ಮಾಡುವುದಿಲ್ಲ.

ಮೇಲಿನ ತಡೆಯ ಮೇಲ್ಗಡೆ ಹುರಿಯನ್ನು ಹೆದೆಗೆ ಸುತ್ತಿ, ತುದಿಯನ್ನು ಅದೇ ಸುತ್ತಿನೊಳಗಿಂದ ಹೊರಗೆಳೆಯುತ್ತೇನೆ. ಕೆಳಗಿನ ತಡೆಯ ಕೆಳಗಡೆಯೂ ಹಾಗೆಯೇ, ಆದರೆ ಎದುರು ದಿಕ್ಕಿನಲ್ಲಿ. ಮೇಲಿನ ಗುಂಡು ಎಡಕ್ಕಿದ್ದರೆ ಕೆಳಗಿನದು ಬಲಕ್ಕಿರಬೇಕು. ಎರಡೂ ಒಂದೇ ಪಕ್ಕಕ್ಕೆ ಬಂದರೆ ಎಳೆದಾಗ ಕುಣಿಕೆ ಹೆದೆಯನ್ನು ತಿರುಚಲು ನೋಡುತ್ತದೆ, ಹೆದೆಯಲ್ಲಿ ಕೂರಿಸಿದ ನೋಡುವ ಕಿಂಡಿ, ಅಂದರೆ ಪೀಪ್, ಕಣ್ಣಿಗೆ ಓರೆಯಾಗುತ್ತದೆ. ಎರಡನೆಯ ತುದಿಯನ್ನು ಕರಗಿಸುವಾಗ ಬೆಂಕಿ ಹೆದೆಯ ಹತ್ತಿರ ಸುಳಿಯಬಾರದು. ಹುರಿಯನ್ನು ಹೊರಕ್ಕೆಳೆದು ಕರಗಿಸಿ, ಆಮೇಲೆ ಗಂಟು ಸೇರಿಸುತ್ತೇನೆ.

ಬಿಗಿಗೊಳಿಸುವುದು ಕೈಬಲದಿಂದಾಗುವ ಕೆಲಸವಲ್ಲ. ಕುಣಿಕೆಯೊಳಗೆ ಇಕ್ಕಳದ ಮೂತಿ ತೂರಿಸಿ, ಬಾಯಿ ಅಗಲಿಸಿ ಜೋರಾಗಿ ಹಿಗ್ಗಿಸುತ್ತೇನೆ. ಗಂಟು ಕಚ್ಚಿಕೊಳ್ಳುವುದೂ ಹೊಸ ಹುರಿ ಹಿಗ್ಗುವುದೂ ಆಗಲೇ ಮುಗಿಯಬೇಕು. ಮೊದಲ ಸಲ ಎಳೆಯುವುದು ಗುರಿಯ ಮುಂದೆ ನಿಂತು, ಬಾಣ ಹೂಡಿ, ಬೆರಳನ್ನು ಟ್ರಿಗರ್‌ನ ಹಿಂದಿಟ್ಟುಕೊಂಡು. ಬಾಣವಿಲ್ಲದೆ ಹೆದೆ ಬಿಟ್ಟರೆ ಕಾಂಪೌಂಡ್ ಬಿಲ್ಲು ಒಡೆಯಬಹುದು. ಗಂಟು ಜಾರುವುದಾದರೆ ಎಳೆತದ ನಡುವೆ, ಭಾರ ತುತ್ತತುದಿಯಲ್ಲಿದ್ದಾಗ ಜಾರುವ ಸಂಭವ ಹೆಚ್ಚು. ಪೂರ್ತಿ ಎಳೆದ ಮೇಲೆ, 80 ಶೇಕಡಾ ಲೆಟ್-ಆಫ್ (ಭಾರದ ಇಳಿಕೆ) ಇರುವ ಬಿಲ್ಲಿನಲ್ಲಿ, 60 ಪೌಂಡಿನಲ್ಲಿ 12 ಮಾತ್ರ ಉಳಿದಿರುತ್ತದೆ. ಹಾಗಾಗಿ ಮೊದಲ ಎಳೆತಗಳಲ್ಲಿ ಮುಷ್ಟಿಯನ್ನು ಮುಖದ ನೇರಕ್ಕೆ ತರದೆ ತುಸು ಪಕ್ಕಕ್ಕೆ ಎಳೆಯುತ್ತೇನೆ.

ಕುಣಿಕೆಯ ಉದ್ದ ಬದಲಾದರೆ ಕೈ ಬಂದು ನಿಲ್ಲುವ ಜಾಗವೂ ಬದಲಾಗುತ್ತದೆ. ಎರಡು ಮಿಲಿಮೀಟರ್ ಹೆಚ್ಚಾದರೂ ದವಡೆಯ ಬಳಿ ನನ್ನ ಗೆಣ್ಣಿಗೆ ಅದು ಗೊತ್ತಾಗುತ್ತದೆ. ಅದಕ್ಕೇ ಹಳೆಯ ಕುಣಿಕೆ ಬಿಚ್ಚುವ ಮುನ್ನವೇ ಅದರ ಉದ್ದ ಅಳೆದು ಬರೆದಿಟ್ಟುಕೊಳ್ಳುತ್ತೇನೆ, ಹೊಸದನ್ನು ಅಷ್ಟಕ್ಕೇ ತರುತ್ತೇನೆ. ಪೀಪ್ ಕೊಂಚ ಮಾತ್ರ ಓರೆಯಿದ್ದರೆ ಕುಣಿಕೆಯನ್ನು ಹೆದೆಯ ಸುತ್ತ ಸ್ವಲ್ಪ ಹೊರಳಿಸಿದರೆ ಸರಿಹೋಗುತ್ತದೆ. ಹೆಚ್ಚು ಓರೆಯಿದ್ದರೆ ಬಿಲ್ಲನ್ನು ಒತ್ತಿ ಹೆದೆ ಸಡಿಲಿಸುವ ಪ್ರೆಸ್‌ನಲ್ಲಿ ಕೂರಿಸಿ ಹೆದೆಗೇ ಅರ್ಧ ಸುತ್ತು ಕೊಡಬೇಕು. ಪ್ರೆಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ರಿಲೀಸಿನ ಕೊಕ್ಕೆ ಕೂರುವಲ್ಲಿ ನೂಲು ಎದ್ದರೆ, ಗುಂಡು ಗಂಟಿನೊಳಗೆ ಸರಿಯುತ್ತಿರುವಂತೆ ಕಂಡರೆ, ಇನ್ನೊಂದು ದಿನ ನಡೆಯಲಿ ಎಂದು ಬಿಡುವುದಿಲ್ಲ. ಸ್ಪರ್ಧೆಯ ಹಿಂದಿನ ದಿನ ಮಾತ್ರ ಬದಲಿಸುವುದಿಲ್ಲ. ಹೊಸ ಕುಣಿಕೆ ನೆಲೆಗೊಳ್ಳಲು, ಸೈಟ್ ಮತ್ತೆ ಹೊಂದಿಸಲು ಮುಂಚೆಯೇ ಸಮಯವಿಟ್ಟುಕೊಳ್ಳುತ್ತೇನೆ. ಒಂದು ತುದಿ ಕರಗಿಸಿದ ತುಂಡುಗಳು, ಲೈಟರ್, ಇಕ್ಕಳ ಸದಾ ಬತ್ತಳಿಕೆಯ ಜೇಬಿನಲ್ಲಿರುತ್ತವೆ. ದಾರದ ತಡೆಗಳು ತಮ್ಮ ಜಾಗದಲ್ಲೇ ಉಳಿಯುವುದರಿಂದ, ಮೈದಾನದಲ್ಲೇ ಕುಣಿಕೆ ಬದಲಿಸಬೇಕಾಗಿ ಬಂದರೂ ಬಾಣದ ಎತ್ತರವನ್ನು ಹೊಸದಾಗಿ ಹುಡುಕಬೇಕಾಗಿಲ್ಲ.